ಎರಡನೇ ಅಧ್ಯಾಯದಲ್ಲಿ ನಿಂತುಹೋದವರು: ಒಂದು ಆಪ್ತಸಲಹೆ ಪ್ರಕರಣ

ಸಾಹಿತ್ಯ ಸಮೀಕ್ಷೆ, ಅಂದರೆ ತಮ್ಮ ವಿಷಯದ ಮೇಲೆ ಹಿಂದೆ ನಡೆದ ಅಧ್ಯಯನಗಳನ್ನು ಪರಿಶೀಲಿಸುವ ಪ್ರಬಂಧದ ಎರಡನೇ ಅಧ್ಯಾಯ, ಬರೆಯಲಾಗುತ್ತಿಲ್ಲ ಎಂದು ಹೇಳಿಕೊಂಡು ನನ್ನ ಬಳಿಗೆ ಯಾರೂ ಬರುವುದಿಲ್ಲ. ಪಿಎಚ್.ಡಿ. ಸಂಶೋಧನಾರ್ಥಿಗಳು ಬರುವುದು ನಿದ್ರೆ ಬರುತ್ತಿಲ್ಲ, ಮಕ್ಕಳ ಮೇಲೆ ವಿನಾಕಾರಣ ರೇಗುತ್ತಿದ್ದೇನೆ, ಗೈಡ್ ಫೋನ್ ಮಾಡಿದರೆ ಎದೆ ಹೊಡೆದುಕೊಳ್ಳುತ್ತದೆ ಎಂಬ ದೂರುಗಳೊಂದಿಗೆ. ಎರಡನೆಯ ಅಥವಾ ಮೂರನೆಯ ಭೇಟಿಯಲ್ಲಿ ‘ಪ್ರಬಂಧ ಎಲ್ಲಿಯವರೆಗೆ ಬಂದಿದೆ’ ಎಂದು ಕೇಳಿದರೆ, ಹೆಚ್ಚಿನವರಿಂದ ಬರುವ ಉತ್ತರ ಒಂದೇ: ಮೊದಲ ಅಧ್ಯಾಯ ಮುಗಿದಿದೆ, ಎರಡನೆಯದು ನಡೆಯುತ್ತಿದೆ. ಆ ‘ನಡೆಯುತ್ತಿದೆ’ ಎಂಬ ಮಾತಿಗೆ ಕೆಲವರ ಬದುಕಿನಲ್ಲಿ ಎರಡು, ಮೂರು ವರ್ಷಗಳ ವಯಸ್ಸಾಗಿರುತ್ತದೆ. ಇಂತಹ ಅನೇಕ ಪ್ರಕರಣಗಳನ್ನು ನೋಡಿದ ಮೇಲೂ ನನ್ನನ್ನು ಬಹಳ ದಿನ ಕಾಡಿದ ಒಂದನ್ನು, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಊರು, ವಯಸ್ಸು ಮತ್ತು ಮನೆಯ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ. ಸಂಶೋಧನೆಯ ವಿಷಯವನ್ನು ಮಾತ್ರ ಬದಲಿಸಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ಮಹಿಳಾ ಪ್ರತಿನಿಧಿಗಳು ಎಂಬ ವಿಷಯದ ಮೇಲೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಎಷ್ಟೋ ಜನ ಕೆಲಸ ಮಾಡುತ್ತಿರುವುದರಿಂದ ಅದರಿಂದ ಯಾರ ಗುರುತೂ ಸಿಗಲಾರದು.

ಆಕೆ ಬಯಲುಸೀಮೆಯ ಒಂದು ಪ್ರಥಮ ದರ್ಜೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ನೋಂದಣಿಯಾಗಿ ಐದನೇ ವರ್ಷ ನಡೆಯುತ್ತಿತ್ತು. ರಾತ್ರಿ ಮಗಳು ಮಲಗಿದ ಮೇಲೆ ಲ್ಯಾಪ್‌ಟಾಪ್ ತೆರೆದು ಎರಡು ಗಂಟೆಯವರೆಗೆ ಲೇಖನಗಳನ್ನು ಡೌನ್‌ಲೋಡ್ ಮಾಡಿಕೊಂಡು, ಒಂದು ಸಾಲನ್ನೂ ಬರೆಯದೆ ಮುಚ್ಚುವುದು ದಿನಚರಿಯಾಗಿತ್ತು. ಮೊದಲ ಭೇಟಿಯಲ್ಲಿ ನಾನು ಎಲ್ಲರನ್ನೂ ಕೇಳುವಂತೆ, ಬದುಕು ಬೇಡವೆನಿಸುವ ಆಲೋಚನೆಗಳು ಬರುತ್ತವೆಯೇ ಎಂದು ನೇರವಾಗಿ ಕೇಳಿದೆ, ಇಲ್ಲವೆಂದರು. ಆದರೂ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಬರೆದುಕೊಟ್ಟು, ಸುಸ್ತು ವಿಪರೀತವಿದ್ದುದರಿಂದ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಂಡು ಬರಲು ಹೇಳಿದೆ. ದೇಹದ ತೊಂದರೆಯನ್ನು ಮನಸ್ಸಿನದೆಂದು ತಿಳಿದು ವಾರಗಟ್ಟಲೆ ಮಾತನಾಡುವುದು ನಮ್ಮ ವೃತ್ತಿಯಲ್ಲಿ ಆಗಬಾರದ ತಪ್ಪು. ವರದಿಗಳಲ್ಲಿ ಗಾಬರಿಪಡುವಂಥದ್ದೇನೂ ಇರಲಿಲ್ಲ.

ಮೂರನೆಯ ಭೇಟಿಗೆ ಅಧ್ಯಾಯವನ್ನೇ ತನ್ನಿ ಎಂದೆ. ಸ್ಪೈರಲ್ ಬೈಂಡಿಂಗ್ ಮಾಡಿಸಿದ ತೊಂಬತ್ತಾರು ಪುಟಗಳ ಪ್ರತಿ ಬಂತು. ಮುಖಪುಟದ ಮೂಲೆಯಲ್ಲಿ ಮಾರ್ಗದರ್ಶಕರು ಕೆಂಪು ಶಾಯಿಯಲ್ಲಿ ಬರೆದಿದ್ದ ಎರಡೇ ಪದಗಳಿದ್ದವು: ‘ಇನ್ನೂ ಓದಿ.’ ನಾನು ಅದನ್ನು ಓದಲಿಲ್ಲ. ಆಕೆಯ ಕೈಗೇ ಕೊಟ್ಟು, ಪ್ರತಿ ಪ್ಯಾರಾದ ಮೊದಲ ಸಾಲನ್ನು ಮಾತ್ರ ಗಟ್ಟಿಯಾಗಿ ಓದುತ್ತ ಹೋಗಿ ಎಂದೆ. ‘ಇವರು 2009ರಲ್ಲಿ ಇಂತಹ ಶೀರ್ಷಿಕೆಯಡಿ ಅಧ್ಯಯನ ಕೈಗೊಂಡಿದ್ದಾರೆ.’ ‘ಇವರು 2011ರಲ್ಲಿ ತಮ್ಮ ಅಧ್ಯಯನದಲ್ಲಿ ತಿಳಿಸಿರುತ್ತಾರೆ.’ ‘ಇವರು 2014ರಲ್ಲಿ ಅಭಿಪ್ರಾಯಪಟ್ಟಿದ್ದಾರೆ.’ ಒಂಬತ್ತನೆಯ ಪ್ಯಾರಾಕ್ಕೆ ಆಕೆಯ ದನಿ ಸಣ್ಣದಾಯಿತು, ಹನ್ನೊಂದನೆಯದಕ್ಕೆ ನಿಂತಿತು. ಪುಸ್ತಕವನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು, ‘ಮೇಡಂ, ಇದರಲ್ಲಿ ನೂರ ಮೂವತ್ತೆರಡು ಅಧ್ಯಯನಗಳಿವೆ. ನಾನು ಪೂರ್ತಿ ಓದಿರುವುದು ಹದಿನಾಲ್ಕು ಮಾತ್ರ’ ಎಂದರು.

ಉಳಿದವೆಲ್ಲ ಇಂಗ್ಲಿಷ್ ಲೇಖನಗಳ ಆರಂಭದ ಸಾರಾಂಶಗಳು. ಅವನ್ನು ಕನ್ನಡಕ್ಕೆ ತಿರುಗಿಸಿ, ಲೇಖಕರ ಹೆಸರು ಮತ್ತು ಇಸವಿ ಹಾಕಿ ಸೇರಿಸಿದ್ದರು. ಭಾಷೆ ಬದಲಾಗಿದ್ದರಿಂದ ಹೋಲಿಕೆ ಪತ್ತೆಹಚ್ಚುವ ತಂತ್ರಾಂಶದಲ್ಲಿ ಏನೂ ಸಿಕ್ಕಿರಲಿಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ಕೃತಿಚೌರ್ಯ ತಡೆ ನಿಯಮಗಳು ವಿನಾಯಿತಿ ಕೊಡುವ ಶೇಕಡಾ 10ರ ಮಿತಿಗಿಂತ ಹೋಲಿಕೆಯ ಪ್ರಮಾಣ ಬಹಳ ಕೆಳಗೇ ಇತ್ತು. ಯಾರೂ ಹಿಡಿಯಲಿಲ್ಲ ಎಂಬುದೇ ಆಕೆಯ ನಿದ್ರೆಗೆಡಿಸಿತ್ತು. ಮೌಖಿಕ ಪರೀಕ್ಷೆಯಲ್ಲಿ ಯಾರೋ ಒಬ್ಬರು ಎಪ್ಪತ್ತನೆಯ ಪುಟ ತೆರೆದು ‘ಈ ಅಧ್ಯಯನದಲ್ಲಿ ಎಷ್ಟು ಪಂಚಾಯಿತಿಗಳಿದ್ದವು’ ಎಂದು ಕೇಳುವ ದೃಶ್ಯ ಎರಡು ವರ್ಷಗಳಿಂದ ಕಣ್ಣಮುಂದೆ ಬರುತ್ತಿತ್ತಂತೆ. ಅದನ್ನು ತಪ್ಪಿಸಿಕೊಳ್ಳಲು ಮತ್ತಷ್ಟು ಲೇಖನಗಳನ್ನು ಇಳಿಸಿಕೊಳ್ಳುವುದು, ಓದಲಾಗದೆ ಮತ್ತೆ ಸಾರಾಂಶವನ್ನೇ ಸೇರಿಸುವುದು, ಭಯ ಇನ್ನಷ್ಟು ಹೆಚ್ಚುವುದು. ‘ಇನ್ನೂ ಓದಿ’ ಎಂಬ ಸಲಹೆ ಇಂಥವರ ಪಾಲಿಗೆ ಉರಿಯುವ ಒಲೆಗೆ ಮತ್ತೆರಡು ಸೌದೆ ಒಟ್ಟಿದಂತೆ.

ನಾನು ತಪ್ಪೆಂದು ಗದರಲಿಲ್ಲ, ತಪ್ಪಲ್ಲವೆಂದು ಸಮಾಧಾನವನ್ನೂ ಹೇಳಲಿಲ್ಲ. ಓದದ್ದನ್ನು ಓದಿದ್ದೇನೆಂದು ಪುಟದ ಮೇಲೆ ನಿಲ್ಲಿಸುವುದು ತಪ್ಪೇ, ಅದು ಆಕೆಗೂ ಗೊತ್ತಿತ್ತು. ಹದಿನಾಲ್ಕನ್ನು ಓದಿದ್ದೀರಲ್ಲ, ಅವುಗಳಲ್ಲಿ ಎರಡನ್ನು ಈಗ ನನಗೆ ಹೇಳಿ ಎಂದೆ. ಆಕೆ ಆರಿಸಿಕೊಂಡದ್ದು ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೋ ಅವರ 2004ರ ಅಧ್ಯಯನವನ್ನು ಹಾಗೂ ರಾಡು ಬಾನ್ ಮತ್ತು ವಿಜಯೇಂದ್ರ ರಾವ್ ಅವರ 2008ರ ಅಧ್ಯಯನವನ್ನು. ಮೊದಲನೆಯದು ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ 265 ಗ್ರಾಮ ಪಂಚಾಯಿತಿಗಳನ್ನು ನೋಡಿ, ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದಲ್ಲಿ ಕುಡಿಯುವ ನೀರಿನಂತಹ, ಮಹಿಳೆಯರು ಹೆಚ್ಚಾಗಿ ಕೇಳುವ ಕೆಲಸಗಳಿಗೆ ಹೆಚ್ಚು ಹಣ ಹೋಗುತ್ತದೆ ಎಂದು ತೋರಿಸಿತು. ಎರಡನೆಯದು ಕರ್ನಾಟಕವೂ ಸೇರಿದಂತೆ ದಕ್ಷಿಣದ ರಾಜ್ಯಗಳಲ್ಲಿ ನಡೆದದ್ದು. ಅಲ್ಲಿ ಅಧ್ಯಕ್ಷೆ ಮಹಿಳೆಯಾದ ಮಾತ್ರಕ್ಕೆ ತೀರ್ಮಾನಗಳು ಮಹಿಳೆಯರ ಆದ್ಯತೆಯತ್ತ ವಾಲಿದ್ದಕ್ಕೆ ಪುರಾವೆ ಸಿಗಲಿಲ್ಲ, ಮೇಲ್ಜಾತಿಗಳ ಹಿಡಿತ ಕಡಿಮೆಯಿದ್ದ ಊರುಗಳಲ್ಲಿ ಅವರ ಕೆಲಸ ಹೆಚ್ಚು ಚೆನ್ನಾಗಿ ನಡೆದಿತ್ತು. ಆಕೆ ಇವೆರಡನ್ನೂ ಕಾಗದ ನೋಡದೆ, ತಡವರಿಸದೆ, ನನಗೆ ಪಾಠ ಮಾಡುವಂತೆ ಹೇಳಿದರು.

ಅಧ್ಯಾಯದಲ್ಲಿ ಇವೆರಡೂ ಹತ್ತೊಂಬತ್ತು ಪುಟಗಳ ಅಂತರದಲ್ಲಿದ್ದವು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲವೆಂಬಂತೆ ಇಸವಿಯ ಕ್ರಮದಲ್ಲಿ ಕೂತಿದ್ದವು. ‘ಇವರೆಲ್ಲ ಒಂದೇ ಕೋಣೆಯಲ್ಲಿ ಕೂತರೆ ಯಾವ ಮಾತಿಗೆ ತಕರಾರು ಏಳುತ್ತದೆ?’ ಎಂದು ಕೇಳಿದೆ. ಆಕೆ ನಕ್ಕು, ‘ಡುಫ್ಲೋ ಅವರಿಗೆ 2019ರಲ್ಲಿ ನೊಬೆಲ್ ಬಂದಿದೆ ಮೇಡಂ, ಅವರ ಬಗ್ಗೆ ನಾನು ಯಾರು ಹೇಳಲಿಕ್ಕೆ’ ಎಂದರು. ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಿನ ನಂತರ, ನನಗೆ ಹೇಳುತ್ತಿದ್ದರೋ ತಮಗೇ ಹೇಳಿಕೊಳ್ಳುತ್ತಿದ್ದರೋ ಗೊತ್ತಾಗದಂತೆ, ಆಕೆ ಹೇಳಿದ್ದನ್ನು ಆ ದಿನವೇ ಬರೆದಿಟ್ಟುಕೊಂಡಿದ್ದೇನೆ: ‘ಇವರಿಬ್ಬರೂ ಹಣ ಯಾವುದಕ್ಕೆ ಹೋಯಿತು, ಅಧ್ಯಕ್ಷರು ಏನು ತೀರ್ಮಾನ ಮಾಡಿದರು ಎಂದು ನೋಡುತ್ತಾರೆ. ನಮ್ಮೂರಿನಲ್ಲಿ ಬೋರ್‌ವೆಲ್ ಕೊರೆಸಿದ್ದು ಅಧ್ಯಕ್ಷೆಯೇ. ಆದರೆ ಯಾವ ಕೇರಿಗೆ ಎಷ್ಟು ಹೊತ್ತಿಗೆ ನೀರು ಬಿಡಬೇಕೆಂದು ನೀರುಗಂಟಿ ತೀರ್ಮಾನಿಸುತ್ತಾನೆ. ಆ ನೀರುಗಂಟಿ ಯಾರ ಮಾತು ಕೇಳುತ್ತಾನೆ ಅನ್ನುವುದನ್ನು ಇವರು ಕೇಳಿಲ್ಲ.’

ಹೇಳಿ ಮುಗಿಸಿದ ಕೂಡಲೇ, ‘ಇದು ಸುಮ್ಮನೆ ನನ್ನ ಅನಿಸಿಕೆ ಮೇಡಂ, ಇದಕ್ಕೆ ರೆಫರೆನ್ಸ್ ಇಲ್ಲ’ ಎಂದು ಕ್ಷಮೆ ಕೇಳುವ ದನಿಯಲ್ಲಿ ಸೇರಿಸಿದರು.

ಹಿಂದೆ ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುತ್ತಿದ್ದವರ ನೀರುಗಂಟಿ ಎಂಬ ಹೆಸರು ಈಗ ಪಂಚಾಯಿತಿಯ ಮೋಟಾರು ಚಾಲೂ ಮಾಡುವವರಿಗೆ ಬಂದಿದೆ. ಆ ಒಬ್ಬ ನೌಕರನ ಕೈಯಲ್ಲಿರುವ ವಾಲ್ವ್‌ನ ಕೀಲಿಯಿಂದ ಎರಡು ಅಧ್ಯಯನಗಳ ನಡುವಿನ ವ್ಯತ್ಯಾಸವನ್ನು ಹೊಸದಾಗಿ ಕೇಳಬಹುದೆಂದು ಕಂಡುಕೊಂಡ ಈಕೆ, ಅದನ್ನು ತೊಂಬತ್ತಾರು ಪುಟಗಳಲ್ಲಿ ಎಲ್ಲಿಯೂ ಬರೆದಿರಲಿಲ್ಲ. ನಾನು ಹೇಳಿದ್ದು ಇಷ್ಟೇ: ‘ನೀವು ಈಗ ಒಂದು ನಿಮಿಷ ಮಾಡಿದ್ದು ಸಾಹಿತ್ಯ ಸಮೀಕ್ಷೆ. ಮಡಿಲಲ್ಲಿರುವುದು ಪಟ್ಟಿ.’ ಆಕೆ ಅತ್ತರು. ಅಳು ನಿಂತ ಮೇಲೆ ಪೆನ್ನು ಕೇಳಿದರು.

ಅನಂತರ ಕೊಟ್ಟ ಸಲಹೆ ಕೆಲಸದ್ದು. ನೂರ ಮೂವತ್ತೆರಡನ್ನೂ ಪೂರ್ತಿ ಓದಿದ್ದು, ಅರ್ಧ ಓದಿದ್ದು, ಸಾರಾಂಶ ಮಾತ್ರ ನೋಡಿದ್ದು ಎಂದು ಮೂರು ರಾಶಿ ಮಾಡಿ, ಮೂರನೆಯ ರಾಶಿಯಲ್ಲಿ ನೀರುಗಂಟಿಯ ಪ್ರಶ್ನೆಗೆ ಹತ್ತಿರವಿರುವುದನ್ನು ಓದಬೇಕು, ಉಳಿದದ್ದನ್ನು ಅಧ್ಯಾಯದಿಂದ ತೆಗೆಯಬೇಕು. ಓದಿದ ಪ್ರತಿಯೊಂದಕ್ಕೂ ಒಂದು ದೊಡ್ಡ ಹಾಳೆಯಲ್ಲಿ ಅಡ್ಡಸಾಲು ಎಳೆದು, ಎಲ್ಲಿ, ಯಾವಾಗ, ಯಾರನ್ನು ಕೇಳಿದರು, ಏನನ್ನು ಅಳೆದರು, ಆ ಅಳತೆಗೆ ಕಾಣದೆ ಉಳಿದದ್ದೇನು ಎಂದು ತುಂಬಬೇಕು. ಕೊನೆಯ ಕಲಂ ಖಾಲಿಯಿದ್ದರೆ ಓದು ಮುಗಿದಿಲ್ಲವೆಂದು ತಿಳಿಯಬೇಕು. ಬೆಳಿಗ್ಗೆ ಕಾಲೇಜಿಗೆ ಹೊರಡುವ ಮೊದಲು, ಯಾವ ಲೇಖನವನ್ನೂ ತೆರೆಯದೆ, ಅರ್ಧ ಪುಟ ತನ್ನ ಮಾತಿನಲ್ಲಿ ಬರೆಯಬೇಕು. ರಾತ್ರಿ ಹನ್ನೊಂದರ ಮೇಲೆ ಡೌನ್‌ಲೋಡ್ ಮಾಡಬಾರದು.

ಆಕೆಯ ಉತ್ಸಾಹವನ್ನು ಒಂದು ವಿಷಯದಲ್ಲಿ ನಾನೇ ತಡೆದೆ. ‘ಇದನ್ನು ಯಾರೂ ಅಧ್ಯಯನ ಮಾಡಿಲ್ಲ’ ಎಂಬ ವಾಕ್ಯವನ್ನು ಬರೆಯಲು ಅವರು ಸಿದ್ಧರಾಗಿದ್ದರು. ನಮ್ಮ ಮಹಾಪ್ರಬಂಧಗಳಲ್ಲಿ ಸಂಶೋಧನಾ ಅಂತರ ಎಂಬ ತಲೆಬರಹದ ಕೆಳಗೆ ಈ ವಾಕ್ಯ ಬಹಳ ಸುಲಭವಾಗಿ ಬಂದು ಕೂರುತ್ತದೆ. ಎಲ್ಲವನ್ನೂ ನೋಡಿದವರು ಮಾತ್ರ ಹೇಳಬಹುದಾದ ಮಾತು ಅದು. ‘ನಾನು ಪರಿಶೀಲಿಸಿದ ಅಧ್ಯಯನಗಳಲ್ಲಿ’ ಎಂದು ಆರಂಭಿಸಿ, ಎಲ್ಲೆಲ್ಲಿ ಹುಡುಕಿದೆ ಎಂಬುದನ್ನೂ ಬರೆಯಿರಿ ಎಂದೆ. ಹಾಗೆ ಬರೆಯಲು ಹೊರಟಾಗಲೇ ಇನ್ನೊಂದು ಕೊರತೆ ಕಂಡಿತು. ಆಕೆಯ ಸಮೀಕ್ಷೆ 1993ರಿಂದ, ಅಂದರೆ ಪಂಚಾಯಿತಿಗಳಲ್ಲಿ ಮಹಿಳಾ ಮೀಸಲಾತಿ ತಂದ ಸಂವಿಧಾನದ 73ನೇ ತಿದ್ದುಪಡಿಯಿಂದ ಆರಂಭವಾಗುತ್ತಿತ್ತು. ಕರ್ನಾಟಕದಲ್ಲಿ 1983ರ ಕಾಯ್ದೆಯ ಪ್ರಕಾರ 1987ರಲ್ಲೇ ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತುಗಳಿಗೆ ಶೇಕಡಾ 25ರ ಮಹಿಳಾ ಮೀಸಲಾತಿಯೊಂದಿಗೆ ಚುನಾವಣೆ ನಡೆದಿತ್ತು. ಅಂತರ್ಜಾಲದಲ್ಲಿ ಸುಲಭವಾಗಿ ಸಿಕ್ಕ ಲೇಖನಗಳು ಎಲ್ಲಿಂದ ಆರಂಭವಾಗುತ್ತಿದ್ದವೋ ಅಲ್ಲಿಂದಲೇ ಚರಿತ್ರೆಯೂ ಆರಂಭವಾಗಿಬಿಟ್ಟಿತ್ತು. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹಳೆಯ ವರದಿಗಳನ್ನು ನೋಡಿ, ಪಿಎಚ್.ಡಿ. ಪ್ರಬಂಧಗಳ ಅಂತರ್ಜಾಲ ಭಂಡಾರವಾದ ಶೋಧಗಂಗಾದಲ್ಲಿ ಇದೇ ವಿಷಯದ ಪ್ರಬಂಧಗಳ ಎರಡನೇ ಅಧ್ಯಾಯಗಳನ್ನು ಮಾದರಿಯಾಗಿ ಅಲ್ಲ, ಸಾಕ್ಷಿಯಾಗಿ ಓದಿ ಎಂದೆ.

ಈ ಪ್ರಕರಣವನ್ನು ಹೆಸರಿಲ್ಲದೆ ಹಂಚಿಕೊಂಡಾಗ, ನನ್ನ ವೃತ್ತಿಯ ಗೆಳತಿಯೊಬ್ಬರು ‘ನೀವು ಆಪ್ತಸಲಹೆಗಾರ್ತಿಯಾಗಿ ಉಳಿಯಲಿಲ್ಲ, ಗೈಡ್ ಆದಿರಿ’ ಎಂದು ಆಕ್ಷೇಪಿಸಿದರು. ಆ ಆಕ್ಷೇಪವನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಸಮಾಜಶಾಸ್ತ್ರ ಪಾಠ ಮಾಡಿ ಅನಂತರ ಈ ವೃತ್ತಿಗೆ ಬಂದ ನನಗೆ ಪಾಠ ಹೇಳುವ ಚಾಳಿ ಇದೆ. ರಸಾಯನಶಾಸ್ತ್ರದ ವಿದ್ಯಾರ್ಥಿ ಬಂದಿದ್ದರೆ ಇಷ್ಟು ಮಾತನಾಡುತ್ತಿರಲಿಲ್ಲ. ಆದರೆ ಈಕೆಯ ನಿದ್ರಾಹೀನತೆಗೆ ಉಸಿರಾಟದ ಅಭ್ಯಾಸವನ್ನಷ್ಟೇ ಹೇಳಿಕೊಟ್ಟು ಕಳುಹಿಸಿದ್ದರೆ, ಭಯದ ಕಾರಣ ಆ ಸ್ಪೈರಲ್ ಪ್ರತಿಯಲ್ಲಿ ಹಾಗೆಯೇ ಉಳಿಯುತ್ತಿತ್ತು. ಮಾತನಾಡುವ ಹಕ್ಕು ತನಗಿಲ್ಲವೆಂದು ನಂಬಿದ ಮನಸ್ಸಿಗೆ, ಆ ಹಕ್ಕನ್ನು ಚಲಾಯಿಸಬೇಕಾದ ಪುಟದಲ್ಲಿಯೇ ಚಿಕಿತ್ಸೆಯಾಗಬೇಕೆಂದು ನಾನು ನಂಬಿದ್ದೇನೆ. ಮಾರ್ಗದರ್ಶಕರನ್ನು ದೂರುವುದೂ ನನ್ನ ಉದ್ದೇಶವಲ್ಲ. ಒಬ್ಬ ಪ್ರಾಧ್ಯಾಪಕರ ಕೆಳಗೆ ಎಂಟು ಸಂಶೋಧನಾರ್ಥಿಗಳವರೆಗೆ ಇರಬಹುದು, ಮೇಲೆ ಪಾಠ, ಮೌಲ್ಯಮಾಪನ, ಸಭೆಗಳು. ಆದರೆ ‘ಇನ್ನೂ ಓದಿ’ ಎಂದು ಬರೆಯುವ ಬದಲು ‘ಇವೆರಡರಲ್ಲಿ ಯಾರ ಮಾತು ಸರಿ ಎನ್ನುತ್ತೀರಿ’ ಎಂದು ಬರೆಯಲು ಹೆಚ್ಚು ಸಮಯ ಬೇಕಾಗುವುದಿಲ್ಲ.

ಸಾರಾಂಶಗಳ ವಿಷಯವನ್ನು ಮಾರ್ಗದರ್ಶಕರಿಗೆ ತಾವಾಗಿಯೇ ಹೇಳಬೇಕೆಂಬ ನನ್ನ ಸಲಹೆಯನ್ನು ಒಪ್ಪಲು ಆಕೆಗೆ ಮೂರು ವಾರ ಬೇಕಾಯಿತು. ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತನಾಡಲಿಲ್ಲವಂತೆ. ಅನಂತರ ‘ಸರಿ, ಉಳಿಸಿಕೊಳ್ಳುವುದು ಯಾವುದು, ತೋರಿಸಮ್ಮ’ ಎಂದರಂತೆ. ಅವಧಿಯ ಬಗ್ಗೆಯೂ ಆಕೆಗೆ ಪೂರ್ತಿ ತಿಳಿದಿರಲಿಲ್ಲ. ಯುಜಿಸಿಯ 2016ರ ನಿಯಮಗಳಲ್ಲಾಗಲಿ 2022ರ ನಿಯಮಗಳಲ್ಲಾಗಲಿ, ಆರು ವರ್ಷದ ಗರಿಷ್ಠ ಅವಧಿಯ ಮೇಲೆ ಮಹಿಳೆಯರಿಗೆ ಎರಡು ವರ್ಷಗಳ ರಿಯಾಯಿತಿಗೆ ಅವಕಾಶವಿದೆ, ಹೆರಿಗೆ ಮತ್ತು ಶಿಶುಪಾಲನೆಗೆ 240 ದಿನಗಳವರೆಗಿನ ರಜೆಯೂ ಇದೆ. ಇದನ್ನು ವಿಶ್ವವಿದ್ಯಾಲಯದ ಪಿಎಚ್.ಡಿ. ವಿಭಾಗದಲ್ಲಿ ಲಿಖಿತವಾಗಿ ಕೇಳಿ ಖಚಿತಪಡಿಸಿಕೊಳ್ಳಲು ಹೇಳಿದೆ. ಕೇಳಿಕೊಂಡು ಬಂದ ದಿನ ರಾತ್ರಿ ಆರು ಗಂಟೆ ನಿದ್ರೆ ಮಾಡಿದೆ ಎಂದು ಸಂದೇಶ ಕಳುಹಿಸಿದರು.

ಕಳೆದ ತಿಂಗಳು ಅಧ್ಯಾಯದ ಹೊಸ ಪ್ರತಿ ತಂದಿದ್ದರು. ಐವತ್ತೆರಡು ಪುಟ, ನಲವತ್ತೊಂದು ಅಧ್ಯಯನಗಳು, ಎಲ್ಲವನ್ನೂ ಓದಿದ್ದಾರೆ. ಆ ಎರಡು ಅಧ್ಯಯನಗಳು ಈಗ ಒಂದೇ ಪುಟದಲ್ಲಿವೆ, ಅವುಗಳ ಕೆಳಗಿನ ಪ್ಯಾರಾ ‘ಆದರೆ’ ಎಂಬ ಪದದಿಂದ ಆರಂಭವಾಗುತ್ತದೆ. ಮಾರ್ಗದರ್ಶಕರು ಆ ಪದದ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ ‘ಎಷ್ಟು ಊರುಗಳಲ್ಲಿ ವಿಚಾರಿಸುತ್ತೀರಿ?’ ಎಂದು ಬರೆದಿದ್ದಾರೆ. ಆಕೆ ಪೆನ್ಸಿಲ್‌ನಲ್ಲಿ ಹನ್ನೆರಡು ಎಂದು ಬರೆದು, ಅಳಿಸಿ, ಒಂಬತ್ತು ಎಂದು ತಿದ್ದಿದ್ದರು.