‘ನಿಮ್ಮ ಜೊತೆಗಿದ್ದೇವೆ’ ಅನ್ನುವ ಮುಂಚೆ

ಪ್ರಶ್ನೆ: ವೈರಿ ದೇಶದಲ್ಲಿ ಜನ ಬೀದಿಗಿಳಿದಾಗ ನಮ್ಮ ನಾಯಕರು ‘ನಿಮ್ಮ ಜೊತೆಗಿದ್ದೇವೆ’ ಅಂತ ಯಾಕೆ ಗಟ್ಟಿಯಾಗಿ ಹೇಳಲ್ಲ? ಹೆದರಿಕೆಯೇ? (ವಿರಾಜಪೇಟೆ)

ಎಲ್ಲಿ ದಂಗೆ ಎದ್ದರೂ ನನಗೆ ಇದೇ ಪ್ರಶ್ನೆ. ಮಡಿಕೇರಿ ಸಂತೆಯಲ್ಲೂ ಚೀಲ ಹಿಡಿದು ನಿಲ್ಲಿಸಿ ಕೇಳುತ್ತಾರೆ.

1991ರ ಫೆಬ್ರವರಿ 15ರಂದು ಅಮೆರಿಕದ ಅಧ್ಯಕ್ಷ ಹಿರಿಯ ಬುಷ್, ಇರಾಕಿನ ಜನ ತಾವೇ ಮುಂದಾಗಿ ಸದ್ದಾಂ ಹುಸೇನ್‌ನನ್ನು ಇಳಿಸಲಿ ಎಂದರು. ಮಾರ್ಚ್‌ನಲ್ಲಿ ದಕ್ಷಿಣದ ಶಿಯಾಗಳು, ಉತ್ತರದ ಕುರ್ದರು ನಿಜಕ್ಕೂ ಎದ್ದರು. ಕುವೈತ್ ಬಿಡಿಸುವ ಯುದ್ಧಕ್ಕೆ ಬಂದಿದ್ದ ಅಮೆರಿಕದ ಸೇನೆ ದಕ್ಷಿಣ ಇರಾಕಿನಲ್ಲೇ ಇತ್ತು, ಕದಲಲಿಲ್ಲ. ಕದನವಿರಾಮದ ಮಾತುಕತೆಯಲ್ಲಿ ಇರಾಕಿ ಹೆಲಿಕಾಪ್ಟರ್‌ಗಳು ಹಾರಬಹುದು ಅಂತ ಒಪ್ಪಿಯೂ ಆಗಿತ್ತು. ಅದೇ ಹೆಲಿಕಾಪ್ಟರ್‌ಗಳಿಂದ ಸದ್ದಾಂ ಎದ್ದವರ ಮೇಲೆ ಗುಂಡು ಸುರಿಸಿದ. ಸಾವಿರಾರು ಜನ ಸತ್ತರು.

ನಾನು ಸರ್ಕಾರಿ ಕೆಲಸದಲ್ಲಿದ್ದಾಗ ಒಮ್ಮೆ ಇಂಥ ಹೇಳಿಕೆಯ ಕರಡು ಬರೆದಿದ್ದೆ. ‘ಜೊತೆಗಿದ್ದೇವೆ’ ಅಂತಿತ್ತು. ಹಿರಿಯ ಅಧಿಕಾರಿ ಕೆಂಪು ಶಾಯಿಯಲ್ಲಿ ಅದಕ್ಕೆ ಗೀಟು ಎಳೆದು, ಪಕ್ಕದಲ್ಲಿ ‘ಯಾರು ಹೋಗುತ್ತಾರೆ?’ ಎಂದು ಬರೆದರು. ಮನೆಮನೆಯಿಂದ ಸೈನ್ಯಕ್ಕೆ ಹೋದ ಕೊಡಗಿನವರಿಗೆ ಈ ಪ್ರಶ್ನೆ ಬಿಡಿಸಿ ಹೇಳಬೇಕಾ?

ಹಾಗಂತ ಬಾಯಿ ಮುಚ್ಚಿಕೊಂಡಿರಿ ಅಂತಲ್ಲ. 1971ರ ಮಾರ್ಚ್ 31ರಂದು ಇಂದಿರಾ ಗಾಂಧಿ ಪೂರ್ವ ಬಂಗಾಳದ (ಇಂದಿನ ಬಾಂಗ್ಲಾದೇಶದ) ಜನರ ಪರ ಸಂಸತ್ತಿನಲ್ಲಿ ನಿರ್ಣಯ ಮಂಡಿಸಿದರು. ಆದರೆ ಬರೀ ಮಾತಲ್ಲ, ಗಡಿ ತೆರೆದಿತ್ತು. ಸುಮಾರು 1 ಕೋಟಿ ನಿರಾಶ್ರಿತರಿಗೆ ಜಾಗ, ಅನ್ನ ಕೊಟ್ಟೆವು. ಅಷ್ಟು ಮಾಡಲು ತಯಾರಿದ್ದರೆ ಮಾತಾಡಿ.

ಇಲ್ಲದಿದ್ದರೆ ಇಷ್ಟು ಸಾಕು: ನಿರಾಯುಧ ಜನರ ಮೇಲೆ ಗುಂಡು ಹಾರಿಸಬೇಡಿ, ಬಂಧಿಸಿದವರ ಹೆಸರು ಹೇಳಿ, ನಮ್ಮ ಪ್ರಜೆಗಳನ್ನು ಕಾಪಾಡಿ. ಯಾವ ಹೋರಾಟಗಾರನ ಹೆಸರನ್ನೂ ಎತ್ತಿ ಹೊಗಳಬಾರದು. ಮರುದಿನವೇ ಅವನಿಗೆ ‘ವಿದೇಶಿ ಏಜೆಂಟ್’ ಪಟ್ಟ ಕಟ್ಟಿ ಒಳಗೆ ಹಾಕುತ್ತಾರೆ.

ಪ್ರಶ್ನೆ: ಗುಟ್ಟಾಗಿ ಆ ಸರ್ಕಾರ ಉರುಳಿಸಬಹುದಲ್ವಾ? (ಸೋಮವಾರಪೇಟೆ)

1953ರಲ್ಲಿ ಅಮೆರಿಕ, ಬ್ರಿಟನ್ ಸೇರಿ ಇರಾನಿನಲ್ಲಿ ಪ್ರಧಾನಿ ಮೊಸಾದೆಕ್‌ರನ್ನು ಉರುಳಿಸಿದವು. ಇವತ್ತಿಗೂ ಅಲ್ಲಿ ಪ್ರತಿಭಟಿಸುವವರ ಬಾಯಿ ಮುಚ್ಚಿಸಲು ಆಳುವವರು ಅದನ್ನೇ ತೋರಿಸುತ್ತಾರೆ.

ಪ್ರಶ್ನೆ: ‘ಮೂರೇ ದಿನದಲ್ಲಿ ಸರ್ಕಾರ ಬೀಳುತ್ತೆ’ ಎನ್ನುವ ಟಿವಿ ಪಂಡಿತರನ್ನು ನಂಬಬಹುದಾ? (ಕುಶಾಲನಗರ)

ಬೇಡ. ಟಿವಿ ಆರಿಸಿ.

ಪ್ರಶ್ನೆ: ಅಕ್ಕನ ಮಗ ಗಲಾಟೆ ನಡೆಯುತ್ತಿರುವ ದೇಶದಲ್ಲಿ ಓದುತ್ತಿದ್ದಾನೆ, ಮೆರವಣಿಗೆಯ ವಿಡಿಯೊ ಹಾಕುತ್ತಿದ್ದಾನೆ. (ಗೋಣಿಕೊಪ್ಪ)

ಇದನ್ನು ಮೊದಲೇ ಕೇಳಬೇಕಿತ್ತು. ವಿಡಿಯೊ ಹಾಕುವುದು ನಿಲ್ಲಿಸಲಿ, ನಮ್ಮ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಲಿ, ಪಾಸ್‌ಪೋರ್ಟ್ ಕೈಗೆ ಸಿಗುವಂತೆ ಇಟ್ಟುಕೊಳ್ಳಲಿ. ಇವತ್ತೇ ಫೋನ್ ಮಾಡಿ.