ಕಡ್ಡಿಯಿಂದ ಸೂಜಿಗೆ: ಹೆಣಿಗೆ ಬಲ್ಲವರ ಹೊಲಿಗೆ ಪ್ರಶ್ನೆಗಳು

ಪ್ರಶ್ನೆ: ಹದಿನೈದು ವರ್ಷಗಳಿಂದ ಹೆಣಿಗೆ ನನ್ನ ನೆಚ್ಚಿನ ಹವ್ಯಾಸ. ಸ್ವೆಟರ್, ಶಾಲು, ಕಾಲುಚೀಲ, ಮಕ್ಕಳ ಟೋಪಿ ಎಲ್ಲವನ್ನೂ ಹೆಣೆದಿದ್ದೇನೆ. ಪುಸ್ತಕ ನೋಡದೆ ಲೆಕ್ಕ ಹಾಕಿಯೂ ಹೆಣೆಯಬಲ್ಲೆ. ಈಚೆಗೆ ಮನೆಗೆ ಹೊಲಿಗೆ ಯಂತ್ರ ಬಂದಿರುವುದರಿಂದ ದಿಂಬಿನ ಗವಸು, ಚೀಲ, ಮೇಜಿನ ಹಾಸು ಇಂಥ ಸರಳ ವಸ್ತುಗಳನ್ನು ನಾನೇ ಹೊಲಿಯಬೇಕೆಂದು ಹೊರಟೆ. ಮೊದಲ ಗವಸು ದಿಂಬಿಗೆ ಹಿಡಿಸಲಿಲ್ಲ. ಎರಡನೆಯದು ಒಂದು ಸಲ ಒಗೆದ ಮೇಲೆ ಓರೆಯಾಗಿ ತಿರುಚಿಕೊಂಡಿತು. ಕಡ್ಡಿ ಹಿಡಿದಾಗ ಇರುವ ಧೈರ್ಯ ಕತ್ತರಿ ಹಿಡಿದಾಗ ಇರುವುದಿಲ್ಲ. ಹೆಣಿಗೆಯಲ್ಲಿ ಕಲಿತದ್ದು ಹೊಲಿಗೆಗೆ ಒದಗುವುದೇ ಇಲ್ಲವೇ?

ಉತ್ತರ: ಖಂಡಿತ ಒದಗುತ್ತದೆ, ಆದರೆ ಅದನ್ನು ಬಳಸಬೇಕಾದ ಹೊತ್ತು ಬೇರೆ. ಹೆಣಿಗೆಯಲ್ಲಿ ಬಟ್ಟೆಯೂ ಅದರ ಆಕಾರವೂ ಒಟ್ಟಿಗೇ ಹುಟ್ಟುತ್ತವೆ. ಸಾಲಿನಿಂದ ಸಾಲಿಗೆ ಅಳೆದು ನೋಡುತ್ತೀರಿ, ಅಗಲ ಹೆಚ್ಚಾಯಿತೆಂದರೆ ಕುಣಿಕೆಗಳನ್ನು ಕಡಿಮೆ ಮಾಡುತ್ತೀರಿ, ತಪ್ಪು ಕಂಡರೆ ಹತ್ತು ಸಾಲು ಬಿಚ್ಚಿ ನೂಲನ್ನು ಉಂಡೆಗೆ ಸುತ್ತಿಕೊಂಡು ಮತ್ತೆ ಆರಂಭಿಸುತ್ತೀರಿ. ಒಂದು ಗೇಣು ನೂಲೂ ನಷ್ಟವಾಗುವುದಿಲ್ಲ. ಹೊಲಿಗೆಯಲ್ಲಿ ಬಟ್ಟೆ ಮೊದಲೇ ಸಿದ್ಧವಾಗಿ ಬಂದಿರುತ್ತದೆ. ಹಾಕಿದ ಹೊಲಿಗೆಯನ್ನು ಬಿಚ್ಚಬಹುದು, ಕತ್ತರಿಸಿದ ಬಟ್ಟೆಯನ್ನು ಮೊದಲಿನಂತೆ ಕೂಡಿಸಲಾಗದು. ಆದ್ದರಿಂದ ಹೆಣೆಯುವವರು ಬಿಚ್ಚುವಾಗ ತೋರುವ ತಾಳ್ಮೆಯನ್ನೆಲ್ಲ ಹೊಲಿಯುವವರು ಕತ್ತರಿ ಹಾಕುವ ಮೊದಲೇ ತೋರಬೇಕಾಗುತ್ತದೆ. ನಿಮ್ಮ ಎರಡು ಗವಸುಗಳೂ ಕೆಟ್ಟದ್ದು ಯಂತ್ರದ ಮೇಲಲ್ಲ, ಅದಕ್ಕೂ ಮುಂಚೆ, ನೆಲದ ಮೇಲೆ ಬಟ್ಟೆ ಹರಡಿದ ಹೊತ್ತಿನಲ್ಲಿ ಎಂದು ನನಗನ್ನಿಸುತ್ತದೆ.

ಮೊದಲ ಗವಸಿನ ವಿಷಯವನ್ನು ನೋಡೋಣ. ಹೆಣೆದ ಬಟ್ಟೆ ಕುಣಿಕೆಗಳಿಂದಾದದ್ದು; ಎಳೆದರೆ ಕುಣಿಕೆ ಹಿಗ್ಗಿ ದಾರಿ ಮಾಡಿಕೊಡುತ್ತದೆ. 40 ಸೆಂಟಿಮೀಟರಿನ ದಿಂಬಿಗೆ 38 ಸೆಂಟಿಮೀಟರಿನ ಹೆಣಿಗೆಯ ಗವಸು ಹಿತವಾಗಿ ಕೂರುತ್ತದೆ. ನೇಯ್ದ ಬಟ್ಟೆಯಲ್ಲಿ ಈ ಉದಾರತೆ ಇಲ್ಲ. ಅಂಚಿನಲ್ಲಿ ಹೊಲಿಗೆಗೆಂದು ಬಿಡುವ ಬಟ್ಟೆಯನ್ನು, ಅಂದರೆ ದರ್ಜಿಗಳು ಮಾರ್ಜಿನ್ ಎನ್ನುವುದನ್ನು, ಪ್ರತಿ ಬದಿಗೂ ಸೇರಿಸಿಕೊಂಡೇ ಅಳತೆ ಹಾಕಬೇಕು. ಜೊತೆಗೆ ತೊಳೆಯದ ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುವುದು ಸಾಮಾನ್ಯ; 40 ಸೆಂಟಿಮೀಟರಿನಲ್ಲಿ ಅದು ಸುಮಾರು ಒಂದೂಕಾಲಿನಿಂದ ಎರಡು ಸೆಂಟಿಮೀಟರಿನಷ್ಟಾಗುತ್ತದೆ. ಮುಂದೆ ಆ ವಸ್ತುವನ್ನು ಹೇಗೆ ಒಗೆಯಲಿದ್ದೀರೋ ಹಾಗೆಯೇ ಬಟ್ಟೆಯನ್ನು ಮೊದಲು ಒಗೆದು, ಒಣಗಿಸಿ, ಇಸ್ತ್ರಿ ಮಾಡಿ, ಆಮೇಲೆ ಅಳೆಯಿರಿ. ಸ್ವೆಟರ್ ಆರಂಭಿಸುವ ಮೊದಲು ಅಂಗೈಯಗಲದ ಮಾದರಿ ತುಂಡನ್ನು ಹೆಣೆದು, ತೊಳೆದು, ಕುಣಿಕೆಗಳನ್ನು ಎಣಿಸುವ ಅಭ್ಯಾಸ ನಿಮಗೆ ಇದ್ದೇ ಇರುತ್ತದೆ. ಇದೂ ಅದೇ ಎಚ್ಚರ.

ಎರಡನೆಯ ಗವಸು ತಿರುಚಿಕೊಂಡದ್ದಕ್ಕೆ ಬಟ್ಟೆಯ ದಿಕ್ಕು ತಪ್ಪಿದ್ದೇ ಕಾರಣವಾಗಿರಬೇಕು. ಹೆಣೆಯುವವರಿಗೆ ಇದನ್ನು ಬಿಡಿಸಿ ಹೇಳುವುದು ಅಗತ್ಯ, ಏಕೆಂದರೆ ನಾವು ಬಟ್ಟೆಯನ್ನು ಹೆಣಿಗೆಯ ಕಣ್ಣಿನಿಂದಲೇ ನೋಡುತ್ತೇವೆ. ಒಂದು ಕರವಸ್ತ್ರದಷ್ಟು ಹತ್ತಿ ಬಟ್ಟೆಯನ್ನು ಎರಡೂ ಕೈಗಳಲ್ಲಿ ಹಿಡಿದು ಉದ್ದಕ್ಕೆ ಎಳೆದು ನೋಡಿ; ಅದು ಬಿಗಿಯಾಗಿ ನಿಲ್ಲುತ್ತದೆ. ಅದು ಮಗ್ಗದಲ್ಲಿ ಮೊದಲೇ ಬಿಗಿದು ಕಟ್ಟಿದ್ದ ಹಾಸಿನ ಎಳೆ. ಅಡ್ಡಕ್ಕೆ ಎಳೆಯಿರಿ, ಕೂದಲೆಳೆಯಷ್ಟು ಬಿಟ್ಟುಕೊಡುತ್ತದೆ. ಅದು ಹೊಕ್ಕಿನ ಎಳೆ. ಈಗ ಎದುರುಬದುರಿನ ಮೂಲೆಗಳನ್ನು ಹಿಡಿದು, ಅಂದರೆ 45 ಡಿಗ್ರಿ ಓರೆಯಲ್ಲಿ, ಎಳೆಯಿರಿ: ಬಟ್ಟೆ ಉದ್ದವಾಗುತ್ತದೆ, ನಡುವಿನಲ್ಲಿ ಸಣ್ಣದಾಗುತ್ತದೆ, ಕೈ ಬಿಟ್ಟ ಮೇಲೂ ಸ್ವಲ್ಪ ಸೊಟ್ಟಗೇ ಉಳಿಯುತ್ತದೆ. ಗವಸಿನ ಅಂಚು ಅರಿವಿಲ್ಲದೆ ಈ ಓರೆಯ ಕಡೆಗೆ ವಾಲಿದ್ದರೆ, ಎಷ್ಟು ಚೆನ್ನಾಗಿ ಹೊಲಿದರೂ ಮುಂದೊಂದು ಒಗೆತದಲ್ಲಿ ಅದು ತನ್ನ ಜಾಡು ಹಿಡಿದು ತಿರುಗಿಯೇ ತಿರುಗುತ್ತದೆ.

ಅಂಗಡಿಯಲ್ಲಿ ಕತ್ತರಿಸಿ ಕೊಟ್ಟ ಅಂಚು ನೇರವಾಗಿದೆ ಎಂದು ನಂಬಬೇಡಿ. ಅಂಚಿನ ಬಳಿ ಸಣ್ಣ ಕಚ್ಚು ಮಾಡಿ, ಅಲ್ಲಿ ಕಾಣುವ ಹೊಕ್ಕಿನ ಒಂದೇ ಒಂದು ಎಳೆಯನ್ನು ಉಗುರಿನಿಂದ ಬಿಡಿಸಿ ಹಿಡಿದು ಮೆಲ್ಲಗೆ ಎಳೆಯುತ್ತಾ ಹೋಗಿ. ಬಟ್ಟೆ ಅದರ ಉದ್ದಕ್ಕೂ ನೆರಿಗೆಗಟ್ಟುತ್ತದೆ. ನೆರಿಗೆಯನ್ನು ಬೆರಳಿನಿಂದ ಸವರುತ್ತಾ ಎಳೆಯನ್ನು ಪೂರ್ತಿ ಹೊರತೆಗೆದರೆ ಅದಿದ್ದ ಜಾಗದಲ್ಲಿ ಸೂಕ್ಷ್ಮವಾದ ಗೆರೆಯೊಂದು ಕಾಣುತ್ತದೆ. ಎಳೆ ನಡುವೆ ತುಂಡಾದರೆ ಆ ಗೆರೆಯವರೆಗೆ ಕತ್ತರಿಸಿ, ತುಂಡಾದ ತುದಿಯನ್ನು ಮತ್ತೆ ಹುಡುಕಿಕೊಂಡು ಮುಂದುವರಿಯಿರಿ. ಕೆಳಗೆ ಬಿಟ್ಟ ಕುಣಿಕೆಯೊಂದನ್ನು ಏಳೆಂಟು ಸಾಲುಗಳಿಂದ ಎತ್ತಿ ತರಬಲ್ಲ ನಿಮ್ಮ ಕಣ್ಣಿಗೂ ಬೆರಳಿಗೂ ಇದು ಬಹಳ ಬೇಗ ಒಲಿಯುತ್ತದೆ. ಈ ಗೆರೆಯ ಮೇಲೆ ಕತ್ತರಿಸಿದ ಅಂಚಿಗಿಂತ ನೇರವಾದ ಅಂಚನ್ನು ಯಾವ ಅಳತೆಗೋಲೂ ಕೊಡಲಾರದು.

ಮೂರನೆಯ ಪ್ರಯತ್ನಕ್ಕೆ ಜಿಪ್ ಆಗಲಿ ಗುಂಡಿಯಾಗಲಿ ಬೇಡದ, ಹಿಂಭಾಗದಲ್ಲಿ ಎರಡು ತುಂಡುಗಳು ಒಂದರ ಮೇಲೊಂದು ಹೊದ್ದುಕೊಳ್ಳುವ ಗವಸನ್ನೇ ಆರಿಸಿಕೊಳ್ಳಿ. 40 ಸೆಂಟಿಮೀಟರ್ ಚೌಕದ ದಿಂಬಿಗೆ ಸುತ್ತಲೂ 1 ಸೆಂಟಿಮೀಟರ್ ಮಾರ್ಜಿನ್ ಇಟ್ಟು, ಮುಂಭಾಗವನ್ನು 42ಕ್ಕೆ 42 ಅಳತೆಯಲ್ಲೂ ಹಿಂಭಾಗದ ಎರಡು ತುಂಡುಗಳನ್ನು ತಲಾ 42ಕ್ಕೆ 29 ಅಳತೆಯಲ್ಲೂ ಕತ್ತರಿಸಿ. ಹಿಂಭಾಗದ ಪ್ರತಿ ತುಂಡಿನ ಒಂದು ಉದ್ದನೆಯ ಅಂಚನ್ನು ಮೊದಲು 1 ಸೆಂಟಿಮೀಟರ್, ಅದರ ಮೇಲೆ 2 ಸೆಂಟಿಮೀಟರ್ ಮಡಿಚಿ, ಇಸ್ತ್ರಿ ಒತ್ತಿ ಹೊಲಿಯಿರಿ. ಮಾರ್ಜಿನ್ ಕಳೆದರೆ ಪ್ರತಿ ತುಂಡೂ 25 ಸೆಂಟಿಮೀಟರ್ ಉಳಿಯುತ್ತದೆ. 40 ಸೆಂಟಿಮೀಟರಿನ ಮೇಲೆ ಎರಡನ್ನೂ ಇಟ್ಟಾಗ ನಡುವೆ 10 ಸೆಂಟಿಮೀಟರ್ ಹೊದ್ದುಕೊಂಡು ಬಾಯಿ ತೆರೆಯದಂತೆ ಕೂರುತ್ತದೆ. ಮುಂಭಾಗದ ಬಟ್ಟೆಯ ಒಳ್ಳೆಯ ಮೈ ಮೇಲೆ ಬರುವಂತೆ ಹಾಸಿ, ಹಿಂಭಾಗದ ತುಂಡುಗಳ ಒಳ್ಳೆಯ ಮೈಯನ್ನು ಅದಕ್ಕೆ ಮುಖಮಾಡಿ ಇಟ್ಟು, ನಾಲ್ಕೂ ಬದಿ ಹೊಲಿದು ತಿರುವಿಹಾಕಿದರೆ ಗವಸು ಮುಗಿಯಿತು. ತಿರುವುವ ಮುನ್ನ ಮೂಲೆಗಳ ಹೆಚ್ಚುವರಿ ಬಟ್ಟೆಯನ್ನು ಹೊಲಿಗೆಗೆ ತಾಗದಂತೆ ಓರೆಯಾಗಿ ಕತ್ತರಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಮೂಲೆಗಳು ಉಂಡೆ ಕಟ್ಟುತ್ತವೆ.

ಇಸ್ತ್ರಿಪೆಟ್ಟಿಗೆಯನ್ನು ಯಂತ್ರದ ಪಕ್ಕದಲ್ಲೇ ಇಟ್ಟುಕೊಳ್ಳಿ ಎಂಬುದು ನನ್ನ ಒತ್ತಾಯದ ಮಾತು. ಬಹಳ ವರ್ಷ ನಾನು ಎಲ್ಲವನ್ನೂ ಹೊಲಿದು ಮುಗಿಸಿ ಕೊನೆಗೊಮ್ಮೆ ಇಸ್ತ್ರಿ ಮಾಡುತ್ತಿದ್ದೆ, ನನ್ನ ಹೊಲಿಗೆ ಏಕೆ ಅಚ್ಚುಕಟ್ಟಾಗಿ ಕಾಣುವುದಿಲ್ಲವೆಂದು ಕೊರಗುತ್ತಿದ್ದೆ. ಪ್ರತಿ ಹೊಲಿಗೆ ಮುಗಿದ ಕೂಡಲೇ, ಅದರ ಮೇಲೆ ಇನ್ನೊಂದು ಹೊಲಿಗೆ ಹಾಯುವ ಮೊದಲು, ಪೆಟ್ಟಿಗೆಯನ್ನು ಎಳೆದಾಡದೆ ಎತ್ತಿ ಇಟ್ಟು ಒತ್ತಲು ಕಲಿತ ಮೇಲೆ ಅದೇ ಕೈ, ಅದೇ ಯಂತ್ರ, ಬೇರೆಯೇ ಕೆಲಸ ಮಾಡತೊಡಗಿದವು.

ಪ್ರಶ್ನೆ: ನಾನೂ ಹೆಣಿಗೆಯಿಂದ ಹೊಲಿಗೆಗೆ ಬಂದವಳು. ಬಟ್ಟೆಯ ಮೇಲ್ಭಾಗದಲ್ಲಿ ಹೊಲಿಗೆ ಚೆನ್ನಾಗಿ ಕಾಣುತ್ತದೆ, ಕೆಳಗೆ ಮಾತ್ರ ದಾರ ಗೂಡು ಕಟ್ಟಿದಂತೆ ಗೋಜಲಾಗುತ್ತದೆ. ಕೆಳಗಿನ ದಾರ ಸುತ್ತಿರುವ ಬಾಬಿನ್ನನ್ನು ಎಷ್ಟು ಸರಿಮಾಡಿದರೂ ಪ್ರಯೋಜನವಾಗಿಲ್ಲ.

ಉತ್ತರ: ಗೋಜಲು ಕೆಳಗೆ ಕಂಡರೂ ದೋಷ ಸಾಮಾನ್ಯವಾಗಿ ಮೇಲಿನ ದಾರದ್ದೇ ಆಗಿರುತ್ತದೆ. ಹೆಣಿಗೆ ಒಂದೇ ನೂಲಿನ ಕೆಲಸ. ಯಂತ್ರದ ಹೊಲಿಗೆ ಎರಡು ದಾರಗಳ ಒಪ್ಪಂದ. ಮೇಲಿನ ದಾರ ಬಟ್ಟೆಯನ್ನು ಹಾದು ಕೆಳಗಿಳಿದು, ಬಾಬಿನ್ನಿನ ದಾರವನ್ನು ಬಳಸಿ ಹಿಂದಕ್ಕೆ ಸೆಳೆಯಲ್ಪಡುತ್ತದೆ, ಎರಡರ ಗಂಟೂ ಬಟ್ಟೆಯ ದಪ್ಪದೊಳಗೇ ಅಡಗಬೇಕು. ಮೊನೆಯ ಬಳಿ ಕಣ್ಣಿರುವ ಸೂಜಿಯಿಂದ ಎರಡು ದಾರಗಳನ್ನು ಹೀಗೆ ಕೊಂಡಿ ಹಾಕುವ ಯಂತ್ರಕ್ಕೆ ಎಲಿಯಾಸ್ ಹೋವ್ 1846ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದರು; ಇಂದಿನ ಮನೆಬಳಕೆಯ ಯಂತ್ರಗಳು ಹಾಕುವುದೂ ಅದೇ ಬಗೆಯ ಹೊಲಿಗೆ. ಮೇಲಿನ ದಾರಕ್ಕೆ ಬಿಗಿ ಸಾಲದಿದ್ದರೆ ಅದು ಹಿಂದಕ್ಕೆ ಬರದೆ ಬಟ್ಟೆಯ ಅಡಿಯಲ್ಲಿ ಸಡಿಲವಾಗಿ ಉಳಿಯುತ್ತದೆ, ಅದೇ ನೀವು ಕಾಣುವ ಗೂಡು.

ಬಿಗಿಯ ತಿರುಪನ್ನು ತಿರುಗಿಸುವ ಮೊದಲು ದಾರವನ್ನು ಪೂರ್ತಿ ತೆಗೆದು ಹೊಸದಾಗಿ ಪೋಣಿಸಿ, ಪೋಣಿಸುವಾಗ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ ಮೇಲಕ್ಕೆ ಎತ್ತಿರಲಿ. ಪಾದ ಕೆಳಗಿದ್ದಾಗ ದಾರವನ್ನು ಬಿಗಿಹಿಡಿಯುವ ಎರಡು ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ದಾರ ಅವುಗಳ ನಡುವೆ ಇಳಿಯದೆ ಅಂಚಿನ ಮೇಲೆಯೇ ಹಾದುಹೋಗುತ್ತದೆ. ಪಾದ ಎತ್ತಿದಾಗ ಬಿಲ್ಲೆಗಳು ತೆರೆದುಕೊಳ್ಳುತ್ತವೆ. ಸರಿಯಾಗಿ ಪೋಣಿಸಿದ್ದೀರೋ ಇಲ್ಲವೋ ತಿಳಿಯಲು ಪಾದವನ್ನು ಇಳಿಸಿ ಸೂಜಿಯ ಬಳಿ ದಾರವನ್ನು ಎಳೆದು ನೋಡಿ, ಬೆರಳಿಗೆ ಸ್ಪಷ್ಟವಾದ ತಡೆ ತಿಳಿಯಬೇಕು. ಎಡಗೈಯ ಬೆರಳಿಗೆ ಸುತ್ತಿದ ನೂಲಿನ ಬಿಗಿಯಿಂದಲೇ ಹೆಣಿಗೆಯ ಹದವನ್ನು ಅರಿಯುವ ನಿಮಗೆ ಈ ತಡೆಯನ್ನು ಗುರುತಿಸುವುದು ಕಷ್ಟವಲ್ಲ.

ಸೂಜಿಯನ್ನೂ ಗಮನಿಸಿ. ಹೆಣಿಗೆಯ ಕಡ್ಡಿಗಳನ್ನು ನಾವು 4 ಮಿಲಿಮೀಟರ್, 5 ಮಿಲಿಮೀಟರ್ ಎಂದು ಗುರುತಿಸುವಂತೆ ಯಂತ್ರದ ಸೂಜಿಗೂ ದಪ್ಪದ ಸಂಖ್ಯೆಯಿದೆ: ಪೊಟ್ಟಣದ ಮೇಲೆ 80/12 ಎಂದಿದ್ದರೆ ಸೂಜಿಯ ದಪ್ಪ 0.8 ಮಿಲಿಮೀಟರ್ ಎಂದರ್ಥ, 12 ಎಂಬುದು ಅದಕ್ಕೇ ಇರುವ ಇನ್ನೊಂದು ಪದ್ಧತಿಯ ಸಂಖ್ಯೆ. ಸಾಧಾರಣ ಹತ್ತಿ ಬಟ್ಟೆಗೆ ಇದು ಸಾಕು, ದಪ್ಪ ಕ್ಯಾನ್ವಾಸಿಗೆ 90/14 ಅಥವಾ 100/16 ಬೇಕು. ಹೊಲಿಗೆಯ ಉದ್ದವನ್ನು 2.5 ಮಿಲಿಮೀಟರಿಗೆ ಇಟ್ಟು, ಅದೇ ಬಟ್ಟೆಯ ಚೂರನ್ನು ಎರಡು ಪದರ ಮಾಡಿ ಮೊದಲು ಹೊಲಿದು ನೋಡಿ. ಹೊಲಿಯುವಾಗ ಬಟ್ಟೆಯನ್ನು ಹಿಂದಿನಿಂದ ಎಳೆಯಬೇಡಿ. ಪಾದದ ಕೆಳಗಿನ ಹಲ್ಲುಗಳೇ ಅದನ್ನು ಮುಂದೊಯ್ಯುತ್ತವೆ, ನಿಮ್ಮ ಕೈಗಳಿಗಿರುವುದು ದಾರಿ ತೋರಿಸುವ ಕೆಲಸ ಮಾತ್ರ.

ಪ್ರಶ್ನೆ: ನಾನು ಹೆಣೆದ ಕೈಚೀಲದಲ್ಲಿ ಸ್ವಲ್ಪ ಭಾರ ಹಾಕಿದರೂ ಅದು ಮೊಣಕಾಲಿನವರೆಗೆ ಜೋಲುತ್ತದೆ, ಹೆಣಿಗೆ ಕಡ್ಡಿಗಳು ತೂರಿ ಹೊರಬರುತ್ತವೆ. ಒಳಗೆ ಬಟ್ಟೆಯ ಪದರ ಹೊಲಿಯಬಹುದೇ?

ಉತ್ತರ: ಹೊಲಿಯಲೇಬೇಕು, ಎರಡೂ ಕಲೆಗಳು ಒಂದಕ್ಕೊಂದು ಆಸರೆಯಾಗುವುದು ಇಂಥ ಕಡೆಯಲ್ಲೇ. ಚೀಲವನ್ನು ಭಾರ ಹಾಕದೆ ಸಮನಾಗಿ ಮಲಗಿಸಿ ಅಳೆಯಿರಿ, ಒಳಪದರ ಆ ಅಳತೆಗಿಂತ ಒಂದಿಷ್ಟು ಗಿಡ್ಡವಾಗಿಯೇ ಇರಲಿ. ಆಗ ಭಾರವೆಲ್ಲ ನೇಯ್ದ ಬಟ್ಟೆಯ ಮೇಲೆ ಬಿದ್ದು ಹೆಣಿಗೆ ಹಿಗ್ಗದೆ ಉಳಿಯುತ್ತದೆ. ಒಳಪದರವನ್ನು ಯಂತ್ರದಲ್ಲಿ ಬೇರೆ ಚೀಲವಾಗಿ ಹೊಲಿದು, ಒಳ್ಳೆಯ ಮೈ ಒಳಕ್ಕೆ ಬರುವಂತೆ ಹೆಣಿಗೆಯ ಚೀಲದೊಳಗೆ ಇಳಿಸಿ, ಬಾಯಿಯ ಸುತ್ತ ಕೈಹೊಲಿಗೆಯಿಂದ ಕೂಡಿಸಿ. ಯಂತ್ರದ ಪಾದಕ್ಕೆ ದಪ್ಪ ಹೆಣಿಗೆಯ ಕುಣಿಕೆಗಳು ಸಿಕ್ಕಿಕೊಳ್ಳುವುದರಿಂದ ಇಲ್ಲಿ ಕೈಯೇ ಮೇಲು. ಹಿಡಿಗಳ ಒಳಗೂ ಬಟ್ಟೆಯ ಪಟ್ಟಿ ಹೊಲಿದು ಅದರ ತುದಿಗಳನ್ನು ಒಳಪದರಕ್ಕೆ ಭದ್ರಪಡಿಸಿ. ಹೆಣಿಗೆ ಅಕ್ರಿಲಿಕ್ ನೂಲಿನದಾಗಿದ್ದರೆ ಅದರ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಇಡಬೇಡಿ. ಕಾವಿಗೆ ಅದು ಒಮ್ಮೆ ಜೀವ ಕಳೆದುಕೊಂಡು ಜೋತುಬಿದ್ದರೆ ಮತ್ತೆ ಮೊದಲಿನಂತಾಗುವುದಿಲ್ಲ.

ಪ್ರಶ್ನೆ: ಹಳೆಯ ಸ್ವೆಟರನ್ನು ಕತ್ತರಿಸಿ ದಿಂಬಿನ ಗವಸು ಮಾಡಿದರೆ ಕುಣಿಕೆಗಳು ಬಿಚ್ಚಿಹೋಗುವುದಿಲ್ಲವೇ?

ಉತ್ತರ: ಹಾಗೆಯೇ ಕತ್ತರಿಸಿದರೆ ಬಿಚ್ಚುತ್ತವೆ. ಶುದ್ಧ ಉಣ್ಣೆಯ ಸ್ವೆಟರಾಗಿದ್ದರೆ ಬಿಸಿನೀರು ಮತ್ತು ಸಾಬೂನಿನಲ್ಲಿ ಚೆನ್ನಾಗಿ ಉಜ್ಜಿ, ಕುಣಿಕೆಗಳು ಕಣ್ಣಿಗೆ ಕಾಣದಷ್ಟು ದಟ್ಟವಾಗಿ ಹೆಣೆದುಕೊಳ್ಳುವಂತೆ ಮಾಡಿ. ಗಣನೀಯವಾಗಿ ಕುಗ್ಗಿ ಕಂಬಳಿಯಂತಾದ ಆ ಬಟ್ಟೆಯನ್ನು ಎಲ್ಲಿ ಕತ್ತರಿಸಿದರೂ ಎಳೆ ಬಿಡುವುದಿಲ್ಲ. ಅಕ್ರಿಲಿಕ್, ಹತ್ತಿ ಮತ್ತು ಯಂತ್ರದಲ್ಲಿ ಒಗೆಯಬಹುದಾದಂತೆ ಸಂಸ್ಕರಿಸಿದ ಉಣ್ಣೆ ಹೀಗೆ ದಟ್ಟವಾಗುವುದಿಲ್ಲ. ಅಂಥ ಸ್ವೆಟರಿನಲ್ಲಿ ಕತ್ತರಿಸಬೇಕಾದ ಗೆರೆಯ ಎರಡೂ ಬದಿಯಲ್ಲಿ, ಬಟ್ಟೆಯನ್ನು ಹಿಗ್ಗಿಸದೆ, ಸಣ್ಣ ಅಂಕುಡೊಂಕು ಹೊಲಿಗೆಯನ್ನು ಎರಡೆರಡು ಸಾಲು ಹಾಕಿ. ಮೊನೆ ಗುಂಡಗಿರುವ ಬಾಲ್‌ಪಾಯಿಂಟ್ ಸೂಜಿಯನ್ನು ಬಳಸಿದರೆ ಅದು ನೂಲನ್ನು ಸೀಳದೆ ಎಳೆಗಳ ನಡುವೆ ಸರಿದುಹೋಗುತ್ತದೆ. ಹೊಲಿಗೆ ಎಲ್ಲ ಕುಣಿಕೆಗಳನ್ನೂ ಹಿಡಿದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದ ಮೇಲಷ್ಟೇ ನಡುವಿನ ಗೆರೆಯಲ್ಲಿ ಕತ್ತರಿ ಆಡಿಸಿ.