ಸ್ಕಾಲರ್‌ಶಿಪ್ ಮಂಜೂರಾಗಿದೆ, ದುಡ್ಡು ಎಲ್ಲಿ?

ಪ್ರಶ್ನೆ: ಮಗಳು ಮೊದಲ ಪಿಯುಸಿ. ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್) ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ್ದೆವು. ಮಂಜೂರಾಗಿದೆ ಅಂತ ತೋರಿಸುತ್ತೆ, ಪಾಸ್‌ಬುಕ್ಕಿಗೆ ಮಾತ್ರ ಬಂದಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ ‘ಆಧಾರ್ ಲಿಂಕ್ ಆಗಿದೆಯಲ್ಲ’ ಅಂತಾರೆ.
— ಓದುಗರು, ಲಗ್ಗೆರೆ

ಉತ್ತರ: ಬ್ಯಾಂಕಿನವರು ಹೇಳಿದ್ದು ಸುಳ್ಳಲ್ಲ, ಆದರೆ ಅಷ್ಟೇ ಸಾಲದು. ಕೆವೈಸಿಗೆಂದು ಆಧಾರ್ ಜೋಡಿಸುವುದು ಒಂದು, ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಆಧಾರ್‌ಗೆ ಬರುವ ಸರ್ಕಾರಿ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂದು ರಾಷ್ಟ್ರೀಯ ಪಾವತಿ ನಿಗಮದಲ್ಲಿ ದಾಖಲಿಸುವುದು, ಇನ್ನೊಂದು. ಸ್ಕಾಲರ್‌ಶಿಪ್ ಹಣ ಖಾತೆ ನಂಬರ್ ನೋಡಿ ಬರುವುದಿಲ್ಲ, ಆಧಾರ್ ನಂಬರ್ ನೋಡಿ ಬರುತ್ತದೆ. ಒಂದು ಆಧಾರ್‌ಗೆ ಒಂದೇ ಬ್ಯಾಂಕ್ ಮ್ಯಾಪ್ ಆಗಿರುತ್ತದೆ. ಹೊಸ ಸಿಮ್ ಕೊಂಡಾಗಲೋ ಮೊಬೈಲಿನಲ್ಲೋ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದು, ಓದದೆ ಒಪ್ಪಿಗೆಗೆ ಟಿಕ್ ಹಾಕಿದ್ದರೆ ಮ್ಯಾಪಿಂಗ್ ಅಲ್ಲಿಗೆ ಹೋಗಿರುತ್ತದೆ. ದುಡ್ಡು ಆಗಲೇ ಅಲ್ಲಿ ಬಂದು ಕೂತಿರಲೂಬಹುದು. ಹಾಗಾಗಿ ಮೊದಲು ಮಗಳ ಹೆಸರಿನ ಬೇರೆ ಖಾತೆಗಳನ್ನು ನೋಡಿ.

ಆಮೇಲೆ ಮೈಆಧಾರ್ ವೆಬ್‌ಸೈಟಿಗೆ ಮಗಳ ಆಧಾರ್ ಹಾಕಿ ಲಾಗಿನ್ ಆಗಿ. ಒಟಿಪಿ ಬರುವುದು ಆ ಆಧಾರ್‌ಗೆ ಕೊಟ್ಟ ಮೊಬೈಲಿಗೆ. ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ (ಸೀಡಿಂಗ್ ಅಂದರೆ ಇದೇ ಮ್ಯಾಪಿಂಗ್) ಒತ್ತಿದರೆ ಬ್ಯಾಂಕಿನ ಹೆಸರು, ಆ್ಯಕ್ಟಿವ್ ಇದೆಯೋ ಇಲ್ಲವೋ ಎರಡೂ ಕಾಣುತ್ತವೆ. ಇನ್‌ಆ್ಯಕ್ಟಿವ್ ಇದ್ದರೆ ನಿಮಗೆ ಬೇಕಾದ ಶಾಖೆಗೆ ಮಗಳನ್ನೂ ಕರೆದುಕೊಂಡು ಹೋಗಿ ಆಧಾರ್ ಸೀಡಿಂಗ್ ಒಪ್ಪಿಗೆ ಪತ್ರ ತುಂಬಿ ಕೊಡಿ. ಕೌಂಟರಿನಲ್ಲಿ ‘ಲಿಂಕ್ ಮಾಡಿ’ ಅನ್ನಬೇಡಿ, ‘ಡಿಬಿಟಿಗೆ ಎನ್‌ಪಿಸಿಐ ಮ್ಯಾಪಿಂಗ್ ಆಗಬೇಕು’ ಅನ್ನಿ (ಡಿಬಿಟಿ ಅಂದರೆ ಸರ್ಕಾರದ ಹಣ ನೇರ ಖಾತೆಗೆ ಬರುವುದು). ಸ್ವೀಕೃತಿ ಇಟ್ಟುಕೊಂಡು ಒಂದು ವಾರ ಬಿಟ್ಟು ಸ್ಟೇಟಸ್ ಮತ್ತೆ ನೋಡಿ. ಹಣ ಯಾವ ಬ್ಯಾಂಕಿಗೆ, ಯಾವತ್ತು ಜಮೆಯಾಯಿತು ಎಂಬುದು ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಸಿಗುತ್ತದೆ.

ಈ ವಯಸ್ಸಿನ ಮಕ್ಕಳಲ್ಲಿ ಇನ್ನೊಂದು ತೊಡಕಿದೆ: 15 ತುಂಬಿದ ಮೇಲೆ ಆಧಾರ್‌ನ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡಬೇಕು. ಎಷ್ಟೋ ಮನೆಗಳಲ್ಲಿ ಇದು ಮರೆತೇಹೋಗಿರುತ್ತದೆ. ಅದನ್ನೂ ಮುಗಿಸಿಬಿಡಿ.

ಪ್ರಶ್ನೆ: ನಮ್ಮೂರು ಮಾಗಡಿ ಕಡೆ. ಹಿಂದುಳಿದ ವರ್ಗ, ಎರಡು ಎಕರೆ ಜಮೀನು. ಮಗ ಬೆಂಗಳೂರಿನಲ್ಲಿ ಡಿಪ್ಲೊಮಾ ಓದುತ್ತಿದ್ದಾನೆ, ಸರ್ಕಾರಿ ಹಾಸ್ಟೆಲ್ ಸಿಗದೆ ರೂಮ್ ಮಾಡಿದ್ದಾನೆ. ಏನು ಸಿಗುತ್ತದೆ?
— ಓದುಗರು, ಸುಂಕದಕಟ್ಟೆ

ಉತ್ತರ: ಹಾಸ್ಟೆಲ್ ಸಿಗದವರಿಗೆಂದೇ ಇರುವುದು ವಿದ್ಯಾಸಿರಿ. ಊಟ, ವಸತಿಗೆ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳ ಲೆಕ್ಕದಲ್ಲಿ ಶುರುವಾದ ಯೋಜನೆ. ಅರ್ಜಿ ಎಸ್‌ಎಸ್‌ಪಿಯಲ್ಲೇ. ಜಾತಿ–ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಕೈಯಲ್ಲಿರಲಿ. ಆದಾಯ ಪತ್ರಕ್ಕೆ 5 ವರ್ಷವಷ್ಟೇ ಆಯಸ್ಸು, ತಾರೀಖು ನೋಡಿಕೊಳ್ಳಿ. ಇನಿಷಿಯಲ್ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ ಇದ್ದರೂ ತಕರಾರು ಬರಬಹುದು.

ರೈತರ ಮಕ್ಕಳಿಗೆ 2021ರಲ್ಲಿ ಬಂದ ರೈತ ವಿದ್ಯಾನಿಧಿಯಲ್ಲಿ ಪಿಯುಸಿ, ಐಟಿಐ, ಡಿಪ್ಲೊಮಾಕ್ಕೆ ಹುಡುಗರಿಗೆ 2,500, ಹುಡುಗಿಯರಿಗೆ 3,000 ರೂಪಾಯಿ ಗೊತ್ತುಮಾಡಿದ್ದರು. ಇದಕ್ಕೆ ಬೇಕಾದದ್ದು ರೈತರ ವಿವರ ದಾಖಲಿಸುವ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ. ಪಹಣಿ ಇನ್ನೂ ನಿಮ್ಮ ತಂದೆಯವರ ಹೆಸರಿನಲ್ಲೇ ಇದ್ದರೆ ನಿಮ್ಮ ಎಫ್‌ಐಡಿಗೆ ಜಮೀನು ಸೇರುವುದಿಲ್ಲ, ಮಗನ ಹೆಸರೂ ಬರುವುದಿಲ್ಲ. ಅವರು ತೀರಿಕೊಂಡಿದ್ದರೆ ಮೊದಲು ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಕೊಡಿ. ಖಾತೆ ಬದಲಾದ ಮೇಲೆ ಪಹಣಿ, ಆಧಾರ್, ಪಾಸ್‌ಬುಕ್ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ.